ನೆರೆಯ ನಕ್ಷೆಯನ್ನು ನಂಬುವ ಮುನ್ನ

ಜೇವರ್ಗಿ ತಾಲ್ಲೂಕಿನ ಇಜೇರಿಯ ಎರೆಹೊಲಗಳ ನಡುವೆ, ತೊಗರಿಯ ಗಿಡ ಇನ್ನೂ ಮೊಳಕಾಲೆತ್ತರವನ್ನು ಮೀರದಿರುವ ದಿನಗಳಲ್ಲಿ ನಿಂತು ನೋಡಿದವನಿಗೆ, ನೆಲವು ನಾಲ್ಕು ದಿಕ್ಕಿಗೂ ಒಂದೇ ಸಮನಾಗಿ ಹಾಸಿಕೊಂಡಂತೆ ತೋರುವುದೇ ಹೊರತು, ಏರು ಎಲ್ಲಿಯದು ಇಳಿಜಾರು ಎತ್ತಣದು ಎಂಬುದು ಕಣ್ಣಳತೆಗೆ ಸಿಕ್ಕುವುದಿಲ್ಲ. ಅಂಥ ಒಂದು ಹೊಲದ ಬದುವಿನ ಮೇಲಿನ ಬೇವಿನ ಗಿಡದ ಕೆಳಗೆ, ಎತ್ತರ ತೋರಿಸುವ ಆ್ಯಪೊಂದನ್ನು ಮೊಬೈಲಿನಲ್ಲಿ ತೆರೆದುಕೊಂಡು, ನಾನು ಒಮ್ಮೆ ಸುಮಾರು ಹತ್ತು ನಿಮಿಷ ಕದಲದೆ ನಿಂತಿದ್ದೆ. ಆ ಹತ್ತು ನಿಮಿಷಗಳಲ್ಲಿ ಪರದೆಯ ಮೇಲಿನ ಅಂಕಿ ಒಮ್ಮೆ ಏರಿತು, ಒಮ್ಮೆ ಇಳಿಯಿತು, ಒಟ್ಟಿನಲ್ಲಿ ಒಂದು ಮಾಳಿಗೆಮನೆಯಷ್ಟು ಎತ್ತರದ ಅಂತರದಲ್ಲಿ ಓಲಾಡಿತು. ಎತ್ತುಗಳನ್ನು ನೆರಳಿಗೆ ಕಟ್ಟಲು ಬಂದ ಹೊಲದ ಯಜಮಾನರು, ಏನು ನೋಡುತ್ತಿರುವಿರಿ ಎಂದು ಕೇಳಿ, ಸಂಗತಿಯನ್ನು ತಿಳಿದುಕೊಂಡು, ನಗದೆಯೇ ನುಡಿದರು: “ನಿಂತಲ್ಲೇ ನಿಂತೀರಿ, ಎತ್ತರ ಹ್ಯಾಂಗ್ ಹೆಚ್ಚು ಕಮ್ಮಿ ಆಗ್ಲಾಕತ್ತದ್ರೀ?” ಗಣಕಯಂತ್ರದಲ್ಲಿ ನೆರೆಯ ನಕ್ಷೆಯನ್ನು ರಚಿಸುವ ಶಾಸ್ತ್ರದಲ್ಲಿ ಇಂದಿಗೂ ಪೂರ್ತಿಯಾಗಿ ಬಗೆಹರಿಯದಿರುವ ಪ್ರಶ್ನೆ ಇದೇ ಎಂಬುದನ್ನು ಅವರಿಗೆ ಆಗಲೇ ಹೇಳಬಹುದಾಗಿತ್ತು, ಹೇಳಲು ತೋಚಲಿಲ್ಲ.

ಭೀಮಶಂಕರದ ಬೆಟ್ಟಗಳಲ್ಲಿ ಹುಟ್ಟಿ, 861 ಕಿಲೋಮೀಟರು ಹರಿದು, ರಾಯಚೂರಿನ ಕಡ್ಲೂರಿನ ಬಳಿ ಕೃಷ್ಣೆಯನ್ನು ಸೇರುವ ಭೀಮಾನದಿಯು ಅಫಜಲಪುರ, ಜೇವರ್ಗಿ ಸೀಮೆಗಳನ್ನು ತೊಯ್ಯಿಸುತ್ತ ಸಾಗುತ್ತದೆ. ಆಳಂದದ ಕಡೆಯಿಂದ ಇಳಿದುಬರುವ ಅಮರ್ಜೆಯು ಗಾಣಗಾಪುರದ ಸಂಗಮದಲ್ಲಿ ಅದನ್ನು ಕೂಡಿಕೊಳ್ಳುತ್ತದೆ. ಭೀಮೆಗೆ 2006 ರಲ್ಲಿ ನೆರೆ ಬಂತು, 2009 ರಲ್ಲಿ ಬಂತು. 2020 ರ ಅಕ್ಟೋಬರ್ 13 ರಂದು ಕಾಕಿನಾಡದ ಹತ್ತಿರ ದಡ ಹತ್ತಿದ ವಾಯುಭಾರ ಕುಸಿತವು ತೆಲಂಗಾಣವನ್ನು ದಾಟಿ ಇತ್ತ ಬಂದು ಸುರಿಸಿದ ಮಳೆಯೂ, ಉಜನಿ ಮತ್ತು ವೀರ ಜಲಾಶಯಗಳಿಂದ ಬಿಟ್ಟ ನೀರೂ ಒಂದಾಗಿ ಬಂದಾಗ, ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಎತ್ತರದ ಜಾಗಗಳನ್ನು ಹುಡುಕಬೇಕಾಯಿತು. ಅಂಥ ವರ್ಷಗಳ ತರುವಾಯ, ಯಾವ ಊರು ಎಷ್ಟು ಮುಳುಗುವುದೆಂಬುದನ್ನು ನೀಲಿಬಣ್ಣದ ಛಾಯೆಗಳಲ್ಲಿ ತೋರಿಸುವ ನಕ್ಷೆಗಳು ಕಚೇರಿಗಳ ಗೋಡೆಗಳ ಮೇಲೆಯೂ ಮೊಬೈಲುಗಳ ಒಳಗೂ ಕಾಣಿಸಿಕೊಳ್ಳತೊಡಗಿವೆ. ಗ್ರಾಮ ಪಂಚಾಯಿತಿಯ ಸದಸ್ಯರು, ಶಾಲೆಯ ಮಾಸ್ತರರು, ನದಿಯ ಮಗ್ಗುಲಲ್ಲಿ ಮನೆ ಕಟ್ಟಿಸಬೇಕೆಂದಿರುವ ಗೃಹಸ್ಥರು ಇವನ್ನು ಹೇಗೆ ಓದಬೇಕು, ಎಷ್ಟು ನಂಬಬೇಕು, ಎಲ್ಲಿ ತಡೆದು ಪ್ರಶ್ನಿಸಬೇಕು ಎಂಬುದಕ್ಕೆ ನೆರವಾದೀತೆಂದು ಈ ಲೇಖನ.

ಮೊದಲು ಒಂದು ಮಾತು. ನೀರು ಹೇಗೆ ಹರಿಯುತ್ತದೆಂಬ ಗಣಿತದಲ್ಲಿ ಹೇಳಿಕೊಳ್ಳುವಂಥ ದೋಷವಿಲ್ಲ. ಫ್ರಾನ್ಸಿನ ಸೇಂಟ್-ವೆನಾಂ 1871 ರಲ್ಲಿ ಬರೆದಿಟ್ಟ ಸಮೀಕರಣಗಳನ್ನೇ ಅಮೆರಿಕದ ಸೇನಾ ಇಂಜಿನಿಯರುಗಳು ಉಚಿತವಾಗಿ ಹಂಚುತ್ತಿರುವ ಹೆಕ್-ರಾಸ್ ಮೊದಲಾದ ತಂತ್ರಾಂಶಗಳು ಇಂದಿಗೂ ಬಿಡಿಸುತ್ತಿವೆ. ಆ ಗಣಿತಕ್ಕೆ ನಾವು ಉಣಿಸುವ ಅಂಕಿಗಳಲ್ಲಿ, ಅಂದರೆ ನೆಲದ ಎತ್ತರ, ಬಂದ ನೀರಿನ ಪ್ರಮಾಣ, ಹಿಂದಿನ ನೆರೆಯ ಗುರುತು ಇವುಗಳಲ್ಲಿ ಜೊಳ್ಳುಕಾಳು ಬೆರೆತಿದ್ದರೆ, ಗಿರಣಿ ಎಷ್ಟು ಹೊಸದಾದರೂ ಹಿಟ್ಟು ಹಿಟ್ಟಾಗುವುದಿಲ್ಲ. ಮಲೆನಾಡಿನ ಕಣಿವೆಯಲ್ಲಿ ಈ ದೋಷ ಅಷ್ಟಾಗಿ ಬಾಧಿಸದು, ಏಕೆಂದರೆ ಅಲ್ಲಿ ನೀರು ಒಂದಾಳು ಹೆಚ್ಚಿಗೆ ಏರಿದರೂ ಗುಡ್ಡದ ಮಗ್ಗುಲಲ್ಲಿ ನಾಲ್ಕು ಹೆಜ್ಜೆ ಮೇಲೆ ಹೋಗುತ್ತದೆಯಷ್ಟೆ. ಎರಡು ಸಾವಿರ ಮೀಟರಿಗೆ ಒಂದು ಮೀಟರು ಇಳಿಯುವ ನೆಲವನ್ನು ಭಾವಿಸಿಕೊಳ್ಳಿ: ಅಲ್ಲಿ ಎತ್ತರದಲ್ಲಿ ಒಂದು ಮೀಟರು ತಪ್ಪಿದರೆ ನಕ್ಷೆಯ ಮೇಲಿನ ನೀರಿನ ಅಂಚು ಎರಡು ಕಿಲೋಮೀಟರು ಸರಿದು, ಒಂದು ಊರನ್ನು ಅದರ ಜಾತ್ರೆಯ ಬಯಲು ಸಹಿತ ಮುಳುಗಿಸಿಬಿಡುತ್ತದೆ, ಇಲ್ಲವೆ ಮುಳುಗುವ ಊರನ್ನು ಒಣಗಿದೆಯೆಂದು ತೋರಿಸುತ್ತದೆ.

ಈ ಎತ್ತರ ಎಲ್ಲಿಂದ ಬಂತೆಂಬುದೇ ನಕ್ಷೆಯನ್ನು ಕಂಡೊಡನೆ ಕೇಳಬೇಕಾದ ಪ್ರಶ್ನೆ. ಪ್ರಪಂಚದ ಅನೇಕ ನೆರೆನಕ್ಷೆಗಳ ಬುಡದಲ್ಲಿ, ಅಮೆರಿಕದ ಎಂಡೆವರ್ ವ್ಯೋಮನೌಕೆಯು 2000 ದ ಫೆಬ್ರುವರಿ ತಿಂಗಳಲ್ಲಿ ಹನ್ನೊಂದು ದಿನ ಭೂಮಿಯನ್ನು ಸುತ್ತುತ್ತ ರೇಡಾರಿನಿಂದ ಅಳೆದ ಎತ್ತರಗಳಿವೆ. ಎಸ್‌ಆರ್‌ಟಿಎಂ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಅಳತೆ ಒಂದು ಅದ್ಭುತ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ, ಆದರೆ ಅದರ ಮಿತಿಗಳನ್ನು ಅದನ್ನು ಮಾಡಿದವರೇ ಮರೆಮಾಚದೆ ಹೇಳಿದ್ದಾರೆ. ಹತ್ತು ಕಡೆ ಅಳೆದರೆ ಒಂಬತ್ತು ಕಡೆಯಾದರೂ ತಪ್ಪು 16 ಮೀಟರಿನೊಳಗೆ ಇರಬೇಕೆಂಬುದು ಅವರು ಇಟ್ಟುಕೊಂಡಿದ್ದ ಗುರಿ. ಬಯಲುನೆಲದಲ್ಲಿ ಫಲಿತಾಂಶ ಅದಕ್ಕಿಂತ ಬಹಳ ಉತ್ತಮವಾಗಿಯೇ ಬಂತಾದರೂ, ಕೆಲವು ಮೀಟರುಗಳ ತಪ್ಪು ಉಳಿದೇ ಉಳಿಯಿತು. ಅದರ ಒಂದೊಂದು ಚೌಕವೂ ಮೂವತ್ತು ಮೀಟರು ಉದ್ದ ಮೂವತ್ತು ಮೀಟರು ಅಗಲ, ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂಬತ್ತು ಗುಂಟೆ. ಅಷ್ಟು ನೆಲಕ್ಕೆಲ್ಲ ಒಂದೇ ಎತ್ತರ, ಅದೂ ಪೂರ್ಣ ಮೀಟರುಗಳಲ್ಲಿ. ಅಂಗುಲ ಅಂಗುಲವಾಗಿ ಇಳಿಯುವ ಎರೆಭೂಮಿಯನ್ನು ಹೀಗೆ ಪೂರ್ಣಸಂಖ್ಯೆಗಳಲ್ಲಿ ಬರೆದಿಟ್ಟಾಗ, ಅದು ಕಿಲೋಮೀಟರು ದೂರದವರೆಗೆ ತಟ್ಟೆಯಂತೆ ಚಪ್ಪಟೆಯಾಗಿದ್ದು, ಆಮೇಲೆ ಒಮ್ಮೆಲೇ ಸೊಂಟದೆತ್ತರದ ಮೆಟ್ಟಿಲು ಇಳಿಯುವ ವಿಚಿತ್ರ ಭೂಮಿಯಾಗಿ ಗಣಕಕ್ಕೆ ಕಾಣುತ್ತದೆ. ಮೇಲಾಗಿ ರೇಡಾರು ನೋಡುವುದು ಮಣ್ಣನ್ನಲ್ಲ, ಮಣ್ಣಿನ ಮೇಲೆ ನಿಂತಿರುವುದನ್ನು. ಕಬ್ಬಿನ ಗದ್ದೆ, ಜಾಲಿಯ ಪೊದೆ, ಊರೊಳಗಿನ ಮಾಳಿಗೆ ಇವೆಲ್ಲ ಅದರ ಪಾಲಿಗೆ ದಿಣ್ಣೆಗಳೇ. ದಟ್ಟವಾದ ಊರೊಂದು ನೀಲಿಯ ನಡುವೆ ನಡುಗಡ್ಡೆಯಂತೆ ಸುರಕ್ಷಿತವಾಗಿ ನಿಂತಿರುವುದನ್ನು ನಕ್ಷೆಯಲ್ಲಿ ಕಂಡರೆ, ಅದು ದಿಬ್ಬದ ಮೇಲಿನ ಊರೋ ಅಥವಾ ಬರಿಯ ಮಾಳಿಗೆಗಳ ಮೊತ್ತವೋ ಎಂದು ಸಂಶಯಿಸುವುದು ವಿವೇಕ.

ಆ ಬಳಿಕ ಉತ್ತಮವಾದ ಅಳತೆಗಳು ಬಂದಿಲ್ಲವೆಂದಲ್ಲ. ಇಸ್ರೋ 2005 ರ ಮೇ 5 ರಂದು ಹಾರಿಸಿದ ಕಾರ್ಟೊಸ್ಯಾಟ್-1 ಎರಡು ಕಣ್ಣುಗಳಿಂದ ನೋಡಿದಂತೆ ಜೋಡಿಚಿತ್ರಗಳನ್ನು ತೆಗೆಯಿತು, ಅವುಗಳಿಂದ ಸಿದ್ಧವಾದ ಎತ್ತರದ ನಕ್ಷೆಯನ್ನು ಆ ಸಂಸ್ಥೆ ‘ಭುವನ್’ ಜಾಲತಾಣದಲ್ಲಿ ಸಾರ್ವಜನಿಕರಿಗೆ ಒದಗಿಸಿದೆ. ಜರ್ಮನಿಯ ಟ್ಯಾನ್‌ಡೆಮ್-ಎಕ್ಸ್ ಉಪಗ್ರಹಗಳ ಅಳತೆಯಿಂದ ಕೋಪರ್ನಿಕಸ್ ನಕ್ಷೆ ಹುಟ್ಟಿತು. ಅದರೊಳಗಿನ ಮರಗಳನ್ನೂ ಕಟ್ಟಡಗಳನ್ನೂ ಲೆಕ್ಕಾಚಾರದಿಂದ ಕಳೆದು ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2022 ರಲ್ಲಿ ಫ್ಯಾಬ್‌ಡೆಮ್ ಎಂಬುದನ್ನು ಹೊರತಂದರು. ವಿಮಾನದಿಂದಲೋ ಡ್ರೋನಿನಿಂದಲೋ ಲೇಸರು ಕಿರಣ ಹಾಯಿಸಿ ಅಳೆಯುವ ಲೈಡಾರ್ ವಿಧಾನದಲ್ಲಿ ತಪ್ಪು ಗೇಣಿನೊಳಗೆ ಇಳಿಯುತ್ತದೆ, ವೆಚ್ಚ ಮಾತ್ರ ಅಷ್ಟೇ ಮೇಲಕ್ಕೇರುತ್ತದೆ. ಆದುದರಿಂದ ನಕ್ಷೆಯ ಮೂಲೆಯಲ್ಲಿ ಯಾವ ಎತ್ತರದ ಅಳತೆ, ಯಾವ ವರ್ಷದ್ದು, ಎಷ್ಟು ತಪ್ಪಿಗೆ ಆಸ್ಪದವಿದೆ ಎಂಬ ಮೂರನ್ನು ನಮೂದಿಸಿದ್ದರೆ ಅದನ್ನು ಮಾಡಿದವರಿಗೆ ನಮಸ್ಕಾರ ಹೇಳಬೇಕು. ನಮೂದಿಸದೆ, ನೀರಿನ ಆಳವನ್ನು ಮಾತ್ರ ಸೆಂಟಿಮೀಟರಿನ ಲೆಕ್ಕದಲ್ಲಿ ಬರೆದಿದ್ದರೆ, ಅಂಥ ನಕ್ಷೆಯನ್ನು ಮಡಿಚಿಡುವುದೇ ಲೇಸೆಂದು ನನ್ನ ಅಭಿಪ್ರಾಯ. ಮೀಟರುಗಟ್ಟಲೆ ತಪ್ಪುವ ಕೋಲಿನಿಂದ ಅಳೆದು ಸೆಂಟಿಮೀಟರನ್ನು ಹೇಳುವವರು ಸುಳ್ಳು ಹೇಳುತ್ತಿಲ್ಲವಾದರೂ ನಿಜವನ್ನೂ ಹೇಳುತ್ತಿಲ್ಲ.

ಎತ್ತರದ ಅಳತೆ ಎಷ್ಟು ಸೂಕ್ಷ್ಮವಾಗಿದ್ದರೂ, ಎಲ್ಲಿಂದ ಅಳೆದದ್ದೆಂಬುದು ಗೊತ್ತಿಲ್ಲದಿದ್ದರೆ ವ್ಯರ್ಥ. ರೈಲುನಿಲ್ದಾಣದ ಹಳದಿ ಫಲಕದ ಮೇಲೆ ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಇಷ್ಟು ಎತ್ತರವೆಂದು ಬರೆದಿರುವುದನ್ನು ನಾವೆಲ್ಲ ನೋಡಿದ್ದೇವೆ. ಆ ಸಮುದ್ರಮಟ್ಟವು ಎಲ್ಲಿಯದೆಂದು ಕೇಳಿದವರು ವಿರಳ. ಭಾರತೀಯ ಸರ್ವೇಕ್ಷಣ ಇಲಾಖೆಯು ಉಪಖಂಡದ ಒಂಬತ್ತು ಬಂದರುಗಳಲ್ಲಿ ವರ್ಷಗಟ್ಟಲೆ ಉಬ್ಬರವಿಳಿತಗಳನ್ನು ಅಳೆದು, 1909 ರ ಹೊತ್ತಿಗೆ ದೇಶಕ್ಕೆಲ್ಲ ಒಂದು ಮಟ್ಟವನ್ನು ನಿಶ್ಚಯಿಸಿತು. ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು. ಅಲ್ಲಿಂದ ಹೊರಟ ಮಟ್ಟವನ್ನು ಹಂತಹಂತವಾಗಿ ಒಳನಾಡಿಗೆ ಸಾಗಿಸಿ, ಹಳೆಯ ಸೇತುವೆ, ಗುಡಿ, ಸರಕಾರಿ ಕಟ್ಟಡಗಳ ಕಲ್ಲುಗಳ ಮೇಲೆ ಬಿ.ಎಂ. ಎಂಬ ಅಕ್ಷರಗಳೊಡನೆ ಕೆತ್ತಿದರು. ಉಪಗ್ರಹಗಳು ಈ ಕಲ್ಲುಗಳನ್ನು ಅರಿಯವು. ಅವು ಅಳೆಯುವುದು ಗಣಿತಜ್ಞರು ಕಲ್ಪಿಸಿಕೊಂಡ, ಧ್ರುವಗಳಲ್ಲಿ ತುಸು ಚಪ್ಪಟೆಯಾದ, ನುಣುಪಾದ ಗೋಳವೊಂದರ ಮೇಲ್ಮೈಯಿಂದ. ದಕ್ಷಿಣಭಾರತದಲ್ಲಿ ನಿಜವಾದ ಸಮುದ್ರಮಟ್ಟವು ಆ ಕಲ್ಪಿತ ಗೋಳಕ್ಕಿಂತ ಬಹಳ ಕೆಳಗಿದೆ. ಕಲಬುರಗಿಯ ಕಡೆ ಈ ಅಂತರ 70 ಮೀಟರಿನ ಆಸುಪಾಸು. ಒಂದು ಅಂಕಿಯನ್ನು ಗೋಳದಿಂದಲೂ ಇನ್ನೊಂದನ್ನು ಕಾರವಾರದ ಕಡಲಿನಿಂದಲೂ ತೆಗೆದು ಕಲೆಸಿದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ಎಪ್ಪತ್ತು ಮೀಟರಿನ ತಪ್ಪು ಯಾರ ಕಣ್ಣಿಗಾದರೂ ಹೊಡೆಯುತ್ತದೆ. ಎರಡು ಸಮುದ್ರಮಟ್ಟಗಳ ನಡುವಣ ಒಂದೋ ಎರಡೋ ಮೀಟರಿನ ತಪ್ಪು ಕಣ್ಣಿಗೆ ಬೀಳದೆ ವರ್ಷಗಟ್ಟಲೆ ಉಳಿಯಬಲ್ಲುದು, ಅಪಾಯವಿರುವುದು ಅದರಲ್ಲಿ.

ವಿಯೆಟ್ನಾಮಿನ ಮೆಕಾಂಗ್ ನದಿಯ ಮುಖಜಭೂಮಿಯಲ್ಲಿ ಸಂಭವಿಸಿದ್ದು ಹೆಚ್ಚುಕಡಿಮೆ ಇದೇ. ಆ ಕರಾವಳಿಯ ಬಯಲು ಕಡಲಿನಿಂದ ಸರಾಸರಿ 2.6 ಮೀಟರು ಎತ್ತರದಲ್ಲಿದೆಯೆಂದು ಉಪಗ್ರಹದ ಅಂಕಿಗಳನ್ನು ನೆಚ್ಚಿ ಲೋಕವೆಲ್ಲ ನಂಬಿತ್ತು. ಫಿಲಿಪ್ ಮಿಂಡರ್‌ಹೌಡ್ ಮತ್ತು ಸಂಗಡಿಗರು ಸ್ಥಳೀಯ ಸರ್ವೇಕ್ಷಣದ ಎತ್ತರಗಳನ್ನು ಸ್ಥಳೀಯ ಕಡಲಮಟ್ಟಕ್ಕೆ ಸರಿಯಾಗಿ ಹೊಂದಿಸಿ 2019 ರಲ್ಲಿ ಪ್ರಕಟಿಸಿದಾಗ, ನಿಜವಾದ ಸರಾಸರಿ ಸುಮಾರು 0.8 ಮೀಟರೆಂದು ಹೊರಬಿತ್ತು. ಅದೇ ವರ್ಷ ಸ್ಕಾಟ್ ಕಲ್ಪ್ ಮತ್ತು ಬೆಂಜಮಿನ್ ಸ್ಟ್ರೌಸ್ ಎಂಬವರು ಮರಕಟ್ಟಡಗಳಿಂದಾದ ತಪ್ಪನ್ನು ತಿದ್ದಿ ಲೆಕ್ಕಹಾಕಿ, ಉಬ್ಬರದ ಮಟ್ಟಕ್ಕಿಂತ ಕೆಳಗಿನ ನೆಲದಲ್ಲಿ ವಾಸಿಸುವವರ ಸಂಖ್ಯೆ ಹಳೆಯ ಅಂಕಿಗಳು ಹೇಳುತ್ತಿದ್ದಂತೆ 2.8 ಕೋಟಿಯಲ್ಲ, ಸುಮಾರು 11 ಕೋಟಿಯೆಂದು ತೋರಿಸಿದರು. ಸಮುದ್ರವು ಒಂದಂಗುಲವೂ ಏರದೆ, ಅಳತೆಯನ್ನು ತಿದ್ದಿದ ಮಾತ್ರಕ್ಕೆ ಎಂಟು ಕೋಟಿಗೂ ಮಿಕ್ಕ ಜನ ನೀರಿನ ಕೆಳಗೆ ಬಂದರು.

ನೆಲದ ಮಾತು ಇಷ್ಟಾಯಿತು, ಇನ್ನು ನೀರಿನ ಮಾತು. ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನಿಂದ ಇಷ್ಟು ಲಕ್ಷ ಕ್ಯೂಸೆಕ್ಸ್ ನೀರು ಬಿಡಲಾಗಿದೆ ಎಂಬ ಸುದ್ದಿಗಾಗಿ ನದಿತೀರದವರು ಮಳೆಗಾಲದಲ್ಲಿ ಕಿವಿತೆರೆದು ಕಾಯುವುದುಂಟು. 2020 ರ ಅಕ್ಟೋಬರಿನಲ್ಲಿ ಆ ಅಂಕಿ 8 ಲಕ್ಷದ ಸುತ್ತಮುತ್ತ ತಲಪಿತೆಂದು ಪತ್ರಿಕೆಗಳು ವರದಿ ಮಾಡಿದುವು. ಇಂಥ ಅಂಕಿಯನ್ನು ಕೇಳಿದಾಗ ಯಾರೂ ಮನೆಯಲ್ಲೇ ಮಾಡಿನೋಡಬಹುದಾದ ಒಂದು ಪರೀಕ್ಷೆಯಿದೆ. ಕ್ಯೂಸೆಕ್ಸನ್ನು 11,574 ರಿಂದ ಭಾಗಿಸಿದರೆ, ಆ ವೇಗದಲ್ಲಿ ಒಂದು ಹಗಲು ಒಂದು ಇರುಳು ಹರಿದ ನೀರು ಎಷ್ಟು ಟಿಎಂಸಿಯೆಂಬುದು ಸಿಗುತ್ತದೆ. 8 ಲಕ್ಷವನ್ನು ಭಾಗಿಸಿದರೆ 69 ಟಿಎಂಸಿ. ಉಜನಿಯ ಒಟ್ಟು ಸಾಮರ್ಥ್ಯವೇ 117 ಟಿಎಂಸಿ. ಅಂದಮೇಲೆ ಅಂಥ ಹರಿವು ಎರಡು ದಿನ ನಿಂತಿತೆಂದರೆ ತುಂಬಿದ ಉಜನಿಯನ್ನು ಬರಿದುಮಾಡಿದರೂ ಸಾಲದು. ಸೀನಾ, ಬೋರಿ ಮೊದಲಾದ ಉಪನದಿಗಳೂ ಹಳ್ಳಗಳೂ ಎಷ್ಟು ತಂದುವು, ಶಿಖರಪ್ರವಾಹ ಎಷ್ಟು ಗಂಟೆ ನಿಂತಿತು ಎಂಬುದನ್ನು ಕೇಳದೆ ಆ ಅಂಕಿಯನ್ನು ಗಣಕಕ್ಕೆ ಕೊಡುವಂತಿಲ್ಲ. ನೆರೆಯ ಅಂಕಿಗಳು ಇಷ್ಟು ಜಾರುವುದಕ್ಕೆ ಕಾರಣವೂ ಉಂಟು. ಬಾಗಿಲುಗಳ ಕೆಳಗೆ ಹರಿಯುವ ನೀರನ್ನು, ಬಾಗಿಲು ಎಷ್ಟು ತೆರೆದಿದೆ, ಹಿಂದೆ ನೀರು ಎಷ್ಟು ಎತ್ತರ ನಿಂತಿದೆ ಎಂಬುದರ ಮೇಲೆ ಸೂತ್ರದಿಂದ ಲೆಕ್ಕಹಾಕುವರು. ಮಹಾಪೂರ ಬಂದು ಬ್ಯಾರೇಜಿನ ಹಿಂದೆಯೂ ಮುಂದೆಯೂ ನೀರು ಹೆಚ್ಚುಕಡಿಮೆ ಸಮಮಟ್ಟವಾದಾಗ ಆ ಸೂತ್ರವನ್ನು ಬದಲಿಸಬೇಕು, ಬದಲಿಸದಿದ್ದರೆ ಅಂಕಿ ಉಬ್ಬುತ್ತದೆ. ನದಿಯ ಅಳತೆಕೇಂದ್ರಗಳಲ್ಲಿಯೂ ನಿತ್ಯ ಅಳೆಯುವುದು ನೀರಿನ ಮಟ್ಟವನ್ನು. ಈ ಮಟ್ಟಕ್ಕೆ ಇಷ್ಟು ಹರಿವೆಂಬ ಕೋಷ್ಟಕವನ್ನು ಸಾಧಾರಣ ಹೊಳೆಯಲ್ಲಿ ಅಳೆದು ಮಾಡಿರುತ್ತಾರೆ, ಅದನ್ನು ಹಿಂದೆಂದೂ ಕಾಣದ ಹೊಳೆಗೆ ಊಹೆಯಿಂದ ಮುಂದಕ್ಕೆ ಎಳೆಯುತ್ತಾರೆ.

ಮಳೆಯ ಲೆಕ್ಕವೂ ಇಂಥದೇ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗೊಂದರಂತೆ ದೂರಸಂವೇದಿ ಮಳೆಮಾಪಕಗಳನ್ನು ನಿಲ್ಲಿಸಿರುವುದು ದೊಡ್ಡ ಕೆಲಸ. ಆದರೆ ಮಾಪಕದ ಬಾಯಲ್ಲಿ ಬೇವಿನ ಎಲೆ ಸಿಕ್ಕಿಕೊಂಡಿದ್ದರೆ ಮುಸಲಧಾರೆಯೂ ತುಂತುರಾಗಿ ದಾಖಲಾಗುತ್ತದೆ, ಅದನ್ನು ತೆಗೆಯಲು ಪಂಚಾಯಿತಿಯ ಜವಾನನ ಕೈಯೇ ಬೇಕು.

ಹರಿವಿಗೆ ನೆಲ ಒಡ್ಡುವ ತಡೆಯನ್ನು, ಐರ್ಲೆಂಡಿನ ಇಂಜಿನಿಯರು ರಾಬರ್ಟ್ ಮ್ಯಾನಿಂಗ್ ಹೆಸರಿನಲ್ಲಿ ಕರೆಯುವ ಒಂದು ಗುಣಾಂಕದಿಂದ ಸೂಚಿಸುತ್ತಾರೆ: ಚೊಕ್ಕಟವಾದ ನದೀಪಾತ್ರಕ್ಕೆ 0.03 ರ ಹತ್ತಿರ, ದಟ್ಟ ಪೊದೆಗಳಿಗೆ 0.1 ರ ಹತ್ತಿರ. ಕಬ್ಬು ನಿಂತಿರುವ ಹೊಲ ಬೇರೆ, ಕಟಾವಾದ ಹೊಲ ಬೇರೆ. ಇದರಲ್ಲಿ ಒಂದು ಪ್ರಲೋಭನೆ ಅಡಗಿದೆ. ನೆಲದ ಎತ್ತರ ತಪ್ಪಿದ್ದಾಗ ಗಣಕದ ನೀರು ಹಿಂದಿನ ನೆರೆ ಗೋಡೆಯ ಮೇಲೆ ಬಿಟ್ಟ ಗುರುತಿಗೆ ಹೊಂದುವುದಿಲ್ಲ. ಆಗ ಈ ಗುಣಾಂಕವನ್ನು ಅತ್ತಿತ್ತ ತಿರುವಿದರೆ ಹೊಂದಿಬಿಡುತ್ತದೆ, ಲೆಕ್ಕ ಸರಿಹೋಯಿತೆಂದು ವರದಿಯಲ್ಲಿ ಬರೆಯಬಹುದು. ಒಂದು ತಪ್ಪಿನ ಬೆನ್ನಿಗೆ ಇನ್ನೊಂದು ತಪ್ಪನ್ನು ಒರಗಿಸಿ ನಿಲ್ಲಿಸಿದ ಆ ನಕ್ಷೆ, ಮುಂದಿನ ನೆರೆ ಬೇರೆ ಅಳತೆಯಲ್ಲಿ ಬಂದ ದಿನ ಎರಡು ತಪ್ಪುಗಳನ್ನೂ ಹೊರಹಾಕುತ್ತದೆ.

ಭೀಮೆಯ ದಂಡೆಯ ಊರುಗಳಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತೊಂದಿದೆ: “ಹೊಳಿ ನೀರು ಎದುರಿಗಿಂದ ಬರ್ಲಿಲ್ರೀ, ಹಿಂದ್ಲಿಂದ ಹಳ್ಳ ಹಿಡ್ಕೊಂಡು ಬಂತ್ರೀ.” ಹೊಳೆ ತುಂಬಿದಾಗ ಅದನ್ನು ಸೇರಬೇಕಾದ ಹಳ್ಳವು ಹಿಮ್ಮುಖವಾಗಿ ಉಕ್ಕಿ, ಊರಿನ ಹಿತ್ತಿಲಿನಿಂದ ಒಳಹೊಕ್ಕು, ಹೊಳೆಯ ಕಡೆ ಕಣ್ಣಿಟ್ಟು ಕುಳಿತವರನ್ನು ಬೆನ್ನಿನಿಂದ ಹಿಡಿಯುತ್ತದೆ. ಹತ್ತು ಮೀಟರು ಅಗಲದ ಈ ಹಳ್ಳ ಮೂವತ್ತು ಮೀಟರಿನ ಚೌಕದೊಳಗೆ ಕರಗಿಹೋಗುತ್ತದೆ. ಅದರಂತೆಯೇ ಡಾಂಬರು ರಸ್ತೆಯ ಏರಿ, ಕಾಲುವೆಯ ದಂಡೆ, ಹೊಲಗಳ ಒಡ್ಡು ಇವೂ. ಕಲಬುರಗಿಯಿಂದ ಜೇವರ್ಗಿಗೆ ಕಟ್ಟಿಸಂಗಾವಿಯ ಸೇತುವೆಯನ್ನು ದಾಟಿ ಬರುವ ಹೆದ್ದಾರಿ, ಕೃಷ್ಣಾ ಮೇಲ್ದಂಡೆ ಯೋಜನೆಯ ಜೇವರ್ಗಿ ಶಾಖಾ ಕಾಲುವೆ, ಇಂಥವು ಬಯಲಿನಲ್ಲಿ ನೀರಿಗೆ ಅಡ್ಡಗೋಡೆಗಳು. ಅವುಗಳ ಕೆಳಗಿನ ಪೈಪು ಕಸದಿಂದ ಕಟ್ಟಿದೆಯೋ ತೆರೆದಿದೆಯೋ ಎಂಬುದರ ಮೇಲೆ ಒಂದು ಕೇರಿಯ ಗತಿ ನಿಂತಿರುತ್ತದೆ. ಆದಕಾರಣ ನಕ್ಷೆ ಕೈಗೆ ಬಂದಾಗ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಮೋರಿಯನ್ನೋ ಒಂದು ಹಳ್ಳವನ್ನೋ ಅದರಲ್ಲಿ ಹುಡುಕಿರಿ. ಅದು ಇಲ್ಲದಿದ್ದರೆ, ಅಥವಾ ರಸ್ತೆಯ ಏರಿಯನ್ನು ನೀರು ಗಾಳಿಯಂತೆ ಹಾಯ್ದುಹೋಗಿದ್ದರೆ, ನಕ್ಷೆ ನಿಮ್ಮ ಊರನ್ನು ದೂರದಿಂದ ಮಾತ್ರ ಬಲ್ಲುದೆಂದು ತಿಳಿಯಿರಿ.

ಉಪಗ್ರಹವೇ ನೆರೆಯ ಚಿತ್ರ ತೆಗೆಯುವಾಗ ಇಷ್ಟೆಲ್ಲ ಏಕೆಂದು ಕೇಳುವವರಿದ್ದಾರೆ. 2014 ರಿಂದ ಹಾರುತ್ತಿರುವ ಯೂರೋಪಿನ ಸೆಂಟಿನೆಲ್-1 ಸರಣಿಯ ರೇಡಾರು ಮೋಡದ ಮೂಲಕವೂ ನೋಡಬಲ್ಲುದು, ನಿಜ. ಆದರೆ ಒಂದೇ ಉಪಗ್ರಹ ಒಂದೇ ಹಾದಿಯಲ್ಲಿ ಮರಳಿ ಬರುವುದು ಹನ್ನೆರಡು ದಿನಗಳಿಗೊಮ್ಮೆ. ಹೊಳೆ ಅದಕ್ಕಾಗಿ ಕಾಯುವುದಿಲ್ಲ. ಇಳಿದ ಮೇಲೆ ತೆಗೆದ ಚಿತ್ರವನ್ನು ಏರಿದ ಮಟ್ಟವೆಂದು ಬಗೆದು ಗಣಕವನ್ನು ಹೊಂದಿಸಿದರೆ, ನಕ್ಷೆ ಸದಾಕಾಲ ನೆರೆಯನ್ನು ಕಡಿಮೆಯಾಗಿಯೇ ತೋರಿಸುತ್ತಿರುತ್ತದೆ. ಎದೆಯೆತ್ತರದ ನೀರಿನಲ್ಲಿ ನಿಂತ ಕಬ್ಬೂ ಆ ರೇಡಾರಿಗೆ ಒಣಗದ್ದೆಯೆಂದೇ ತೋರಬಹುದು.

ಹೀಗಿರುವಲ್ಲಿ ಹಳ್ಳಿಯವರ ಕೈಯಲ್ಲಿ ಏನಿದೆ ಎಂದರೆ, ಗೋಡೆಯ ಮೇಲಿನ ಕೆಸರಿನ ಗೆರೆಯಿದೆ. ನೀರು ಎಲ್ಲಿಯವರೆಗೆ ಬಂತೆಂಬ ಈ ಸಾಕ್ಷ್ಯ ಯಾವ ಉಪಗ್ರಹವೂ ಕೊಡಲಾರದ್ದು. ಆದರೆ ಅದನ್ನು ಓದುವುದಕ್ಕೂ ಒಂದು ಕ್ರಮವುಂಟು. ಮಣ್ಣಿನ ಗೋಡೆ ನೀರನ್ನು ಮೇಲಕ್ಕೆ ಹೀರಿಕೊಳ್ಳುವುದರಿಂದ ತೇವದ ಕಲೆ ನಿಜವಾದ ಮಟ್ಟಕ್ಕಿಂತ ಮೇಲಿರುತ್ತದೆ, ಕೆಸರಿನ ಗೆರೆಯನ್ನೇ ಹಿಡಿಯಬೇಕು. ಹೊಳೆಗೆ ಮುಖಮಾಡಿದ ಗೋಡೆಗೆ ಅಲೆಗಳು ಬಡಿದು ಗೆರೆ ಏರುವುದರಿಂದ, ನೀರು ಶಾಂತವಾಗಿ ನಿಂತಿದ್ದ ಪಡಸಾಲೆಯ ಒಳಗೋಡೆ ಹೆಚ್ಚು ವಿಶ್ವಾಸಾರ್ಹ. ಜಾಲಿಯ ಟೊಂಗೆಗೆ ಸಿಕ್ಕಿದ ಕಸವನ್ನು ಕಂಡು ಬೆರಗಾಗಬೇಡಿ. ಸೆಳವಿನಲ್ಲಿ ಬಾಗಿದ್ದ ಟೊಂಗೆ ನೀರಿಳಿದ ಮೇಲೆ ಸೆಟೆದು ನಿಂತು ಕಸವನ್ನು ಆಳೆತ್ತರ ಮೇಲಕ್ಕೆ ಒಯ್ದಿರುತ್ತದೆ. ಗೆರೆಯಷ್ಟೇ ಮುಖ್ಯವಾದದ್ದು ವೇಳೆ: ನೀರು ಹೊಸ್ತಿಲು ಮುಟ್ಟಿದ್ದು ಯಾವಾಗ, ಏರುವುದು ನಿಂತದ್ದು ಯಾವಾಗ, ಇಳಿಯತೊಡಗಿದ್ದು ಯಾವಾಗ ಎಂಬ ಮೂರನ್ನು ಪೆನ್ನಿನಿಂದ ಬರೆದಿಟ್ಟ ಒಂದು ಹಾಳೆ, ನಕ್ಷೆ ಮಾಡುವವರಿಗೆ ಹೊನ್ನಿನ ತೂಕದ್ದು.

ಗೆರೆಯ ಎತ್ತರವನ್ನು ಸಾಗಿಸಲು ದೊಡ್ಡ ಉಪಕರಣ ಬೇಕಿಲ್ಲ. ಊರಿನ ಗೌಂಡಿಯ ಚೀಲದಲ್ಲಿ ಇರುವ ಪಾರದರ್ಶಕ ಲೆವೆಲ್ ಪೈಪು ಸಾಕು. ಪೈಪಿನಲ್ಲಿ ನೀರು ತುಂಬಿ, ಒಳಗೆ ಗುಳ್ಳೆ ಉಳಿಯದಂತೆ ಬೆರಳಿನಿಂದ ತಟ್ಟಿ ತಟ್ಟಿ ಓಡಿಸಿ, ಎರಡೂ ಬಾಯಿಗಳನ್ನು ತೆರೆದಿಟ್ಟು, ಒಂದು ತುದಿಯನ್ನು ಕೆಸರಿನ ಗೆರೆಗೆ ಹಿಡಿದರೆ ಇನ್ನೊಂದು ತುದಿಯ ನೀರು ಇಪ್ಪತ್ತು ಮೀಟರಿನಾಚೆ ಅದೇ ಮಟ್ಟದಲ್ಲಿ ಬಂದು ನಿಲ್ಲುತ್ತದೆ. ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ ಮತ್ತೆ ಅಲ್ಲಿಂದ ಮುಂದಕ್ಕೆ. ಈ ರೀತಿ ಗುಡಿಯ ಗೋಡೆಯಿಂದ ಶಾಲೆಯ ಕಟ್ಟೆಗೆ, ಶಾಲೆಯಿಂದ ಪಂಚಾಯಿತಿಯ ಮೆಟ್ಟಿಲಿಗೆ ಮಟ್ಟವನ್ನು ಒಯ್ದು, ಹೋದ ದಾರಿಯಲ್ಲೇ ಅಳೆಯುತ್ತ ಹಿಂದಿರುಗಿ ಮೊದಲಿನ ಗೆರೆಗೆ ಬಂದಾಗ ಒಂದು ಬೆರಳಿನ ವ್ಯತ್ಯಾಸದೊಳಗೆ ಸೇರಿದರೆ, ನಿಮ್ಮ ಗೌಂಡಿಯು ಮಾಡಿದ ಅಳತೆ ವ್ಯೋಮನೌಕೆಯ ಅಳತೆಗಿಂತ ನೂರು ಪಾಲು ಸೂಕ್ಷ್ಮವಾಗಿದೆಯೆಂದು ಧೈರ್ಯವಾಗಿ ಹೇಳಬಹುದು. ಹತ್ತಿರದಲ್ಲೆಲ್ಲಾದರೂ ಬಿ.ಎಂ. ಕೆತ್ತಿದ ಕಲ್ಲು ಸಿಕ್ಕರೆ ಅಲ್ಲಿಗೂ ಅದನ್ನು ಮುಟ್ಟಿಸಿ. ಆಗ ನಿಮ್ಮ ಊರಿನ ಗೆರೆಗೆ ಕಾರವಾರದ ಕಡಲಿನ ಲೆಕ್ಕ ತಗಲುತ್ತದೆ.

ಇದನ್ನೆಲ್ಲ ಯುಗಾದಿಗೆ ಮೊದಲೇ ಮಾಡಿ ಮುಗಿಸಬೇಕು. ಯುಗಾದಿಗೆ ಗುಡಿಯ ಗೋಡೆಗೆ ಸುಣ್ಣ ಬಳಿಯುತ್ತಾರೆ, ಕೆಸರಿನ ಗೆರೆ ಆ ದಿನಕ್ಕೆ ಮುಗಿಯಿತು. ಕಲ್ಲುಕುಟಿಗನೊಬ್ಬನಿಗೆ ಅರ್ಧ ದಿನದ ಕೂಲಿ ಕೊಟ್ಟು, ಗೆರೆಯ ಜಾಗದಲ್ಲಿ ಕಲ್ಲಿನ ಮೇಲೆ ಒಂದು ಅಡ್ಡಗೀಟನ್ನೂ ಅದರ ಕೆಳಗೆ ತಾರೀಖು, ವೇಳೆಗಳನ್ನೂ ಕೆತ್ತಿಸಿರಿ. ಸುಣ್ಣ ಬಳಿಯುವ ಹುಡುಗನಿಗೆ ಆ ಒಂದು ಗೇಣು ಜಾಗವನ್ನು ಬಿಟ್ಟು ಬಳಿಯುವಂತೆ ಹೇಳಿರಿ.